ಒಂದು ಬೆರಳು ಒಳಗೆ ಬಿಟ್ಟು

ಬಟಾಣಿಗೆ ಆರು ತಿಂಗಳು ತುಂಬಿದ ಮೂರನೆಯ ದಿನ ನಾನು ಒಂದು ಹೋಳು ಸಿಹಿಗುಂಬಳವನ್ನು ಬೆರಳುದ್ದಕ್ಕೆ ಹೆಚ್ಚಿ ಹಬೆಯಲ್ಲಿ ಬೇಯಿಸಿದೆ. ಎರಡು ಬೆರಳ ನಡುವೆ ಒತ್ತಿದರೆ ನುಜ್ಜಾಗಬೇಕು, ಮಗು ಮುಷ್ಟಿಯಲ್ಲಿ ಹಿಡಿದರೆ ಉಳಿಯಬೇಕು. ಆರೋಗ್ಯ ಕೇಂದ್ರದ ನರ್ಸ್ ಹೇಳಿಕೊಟ್ಟ ಹದ ಅದು.

ಬಟಾಣಿ ಅವಳ ಹೆಸರಲ್ಲ. ಮೊದಲ ಸ್ಕ್ಯಾನಿನ ಚಿತ್ರ ನೋಡಿ ನನ್ನ ಗಂಡ ಹಾಗೆ ಕರೆದ. ಅದೇ ಉಳಿಯಿತು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಕೆಲಸದಲ್ಲಿದ್ದ. ಮಗುವಿಗೆ ಐದು ವಾರವಾಗಿದ್ದಾಗ, ಒಂದು ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟ. ನಿದ್ದೆ ಹೋಗಿದ್ದಾನೆಂದು ಯಾರೂ ಎಬ್ಬಿಸಲಿಲ್ಲ. ಹೃದಯ ಎಂದರು ಡಾಕ್ಟರು. ಹತ್ತೇ ದಿನದಲ್ಲಿ ನನ್ನ ಹಾಲು ಬತ್ತಿತು. ಅಂದಿನಿಂದ ಬಟಾಣಿಗೆ ಡಬ್ಬಿ ಹಾಲು.

ನಾನು ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ನಳಿಕೆಯಲ್ಲಿ ನೀರಿನ ಮೇಲ್ಮೈ ಸ್ವಲ್ಪ ಬಾಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ಬಾಗಿನ ತಳವನ್ನು ಓದಬೇಕು. ಹಾಲಿನ ಬಾಟಲಿಯನ್ನೂ ನಾನು ಹಾಗೆಯೇ ಓದುತ್ತಿದ್ದೆ. ಮೂವತ್ತು ಮಿಲಿಲೀಟರ್ ನೀರಿಗೆ ಒಂದು ಚಮಚ ಪುಡಿ, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿದ್ದು. ಆರು ತಿಂಗಳ ಹೊತ್ತಿಗೆ ದಿನಕ್ಕೆ ಐದು ಬಾಟಲಿ, ಒಂದೊಂದಕ್ಕೆ ಆರು ಚಮಚ. ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯುವುದು, ಲ್ಯಾಬಿನಲ್ಲಿ ರಾಸಾಯನಿಕದ ಸೀಸೆಗಳ ಮೇಲೆ ಬರೆಯುವಂತೆ. ಆ ಐದು ತಿಂಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಹದಿನೆಂಟು ದಿನಕ್ಕೆ ನನ್ನ ರಜೆ ಮುಗಿಯುತ್ತಿತ್ತು. ಆಮೇಲೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಬಟಾಣಿಯನ್ನು ಅತ್ತೆಯ ಬಳಿ ಬಿಡಬೇಕು, ಇಲ್ಲವೇ ಲ್ಯಾಬಿನ ಹಿಂದಿನ ರಸ್ತೆಯ ಶಿಶುಪಾಲನಾ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ಒಂದು ಜಾಗ ಖಾಲಿಯಿತ್ತು. ಅತ್ತೆಗೂ ಅದು ಗೊತ್ತಿತ್ತು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗನನ್ನು ಕಳೆದುಕೊಂಡ ಮೇಲೆ ಆ ಮನೆಯಲ್ಲಿ ಅವರಿಗೆ ಉಳಿದಿದ್ದು ಬಟಾಣಿ ಮತ್ತು ಹೊಲಿಗೆ ಯಂತ್ರ. ಬಿಡಬಹುದೋ ಇಲ್ಲವೋ ಎಂದು ಹದಿನೆಂಟು ದಿನಗಳಲ್ಲಿ ನಾನು ತೀರ್ಮಾನಿಸಬೇಕಿತ್ತು.

ಅತ್ತೆ ನಲವತ್ತು ವರ್ಷದಿಂದ ಶಾಲೆಯ ಯೂನಿಫಾರಂ ಹೊಲಿಯುತ್ತಾರೆ. ಟೇಪು ಕೊರಳಲ್ಲೇ ಇರುತ್ತದೆ, ಸ್ನಾನಕ್ಕೆ ಹೋಗುವಾಗ ಮಾತ್ರ ಯಂತ್ರದ ಕೊರಳಿಗೆ ಹಾಕುತ್ತಾರೆ. ಯಾವ ಮಗುವಿನ ಬಟ್ಟೆಯಾದರೂ ಮಡಿಕೆಯೊಳಗೆ ಒಂದು ಬೆರಳು ಹೆಚ್ಚು ಬಟ್ಟೆ ಬಿಟ್ಟೇ ಹೊಲಿಯುವುದು. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. "ಮಗು ಬೆಳೆಯುತ್ತೆ, ಬಟ್ಟೆ ಬೆಳೆಯುತ್ತಾ?" ಎನ್ನುವುದು ಅವರ ಮಾತು.

ಮೊದಲ ದಿನ ಬಟಾಣಿಯನ್ನು ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕುಂಬಳದ ಮೂರು ಹೋಳನ್ನು ಅವಳ ಮುಂದಿಟ್ಟೆ. ಅತ್ತೆ ದಾರ ಕಚ್ಚಿಕೊಂಡೇ ಒಳಗೆ ಬಂದರು.

"ಏನೇ ಇದು, ಕೊಯ್ದು ಮುಂದಿಟ್ಟು ಕೂತಿದೀಯ? ಚಮಚ ಎಲ್ಲಿ?"

"ಚಮಚ ಇಲ್ಲ ಅತ್ತೆ. ಅವಳೇ ಎತ್ಕೊಂಡು ತಿನ್ತಾಳೆ."

"ಯಾರು?"

"ಬಟಾಣಿ."

ಅತ್ತೆ ಬಟಾಣಿಯನ್ನು ನೋಡಿದರು. ಬಟಾಣಿ ತನ್ನ ಕಾಲ್ಬೆರಳನ್ನು ನೋಡುತ್ತಿದ್ದಳು.

"ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನೀನು ಹುಡುಕ್ಕೊಂಡು ಹೋಗಿ ಹಲ್ಲಿಲ್ಲದೋಳಿಗೇ ಕೊಡ್ತಿದೀಯಲ್ಲೇ!"

"ವಸಡಲ್ಲೇ ಅರೀತಾರಂತೆ. ನರ್ಸ್ ಹೇಳಿದ್ರು."

"ನರ್ಸ್ ಹೇಳಿದ್ರು. ಮೆತ್ತಗೆ ಮಸೆದು ಎರಡು ಚಮಚ ಬಾಯಿಗಿಟ್ರೆ ಮುಗೀತು. ಇವರಪ್ಪನಿಗೆ ನಾನು ಹಾಗೇ..."

ಮಾತು ಅಲ್ಲಿಗೇ ನಿಂತಿತು. ನಮ್ಮ ಮನೆಯಲ್ಲಿ ಆಗ ಬಹಳ ಮಾತುಗಳು ಅಲ್ಲಿಗೇ ನಿಲ್ಲುತ್ತಿದ್ದವು.

ಬಟಾಣಿ ಒಂದು ಹೋಳನ್ನು ಹಿಸುಕಿದಳು. ಇನ್ನೊಂದನ್ನು ನೆಲಕ್ಕೆ ಬೀಳಿಸಿ ಅದು ಎಲ್ಲಿ ಹೋಯಿತೆಂದು ಬಗ್ಗಿ ನೋಡಿದಳು. ಮೂರನೆಯದು ಹೇಗೋ ಬಾಯಿಗೆ ಹೋಯಿತು. ತಕ್ಷಣ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಓಕರಿಕೆಯ ಸದ್ದು ಮಾಡಿದಳು.

"ಅಯ್ಯೋ ಸಿಕ್ಕಾಕ್ಕೊಳ್ತು!" ಅತ್ತೆ ಕುರ್ಚಿಯ ಹತ್ತಿರ ಹಾರಿ ಅವಳ ಬಾಯಿಗೆ ಬೆರಳು ಹಾಕಿ ಹೋಳನ್ನು ಹೊರಗೆಳೆದರು. ಬಟಾಣಿ ಹೆದರಿ ಕಿರುಚಿದಳು, ಬೆರಳಿಗೆ ಹೆದರಿದ್ದು, ಕುಂಬಳಕ್ಕಲ್ಲ.

"ಬೆರಳು ಹಾಕಬಾರದು ಅತ್ತೆ. ಹಾಕಿದ್ರೆ ಇನ್ನೂ ಒಳಗೆ ಹೋಗತ್ತೆ. ಸದ್ದು ಬರ್ತಿದ್ರೆ ಹೆದರಬೇಡಿ, ಅವಳೇ ಹೊರಗೆ ತಳ್ತಾಳೆ. ಸದ್ದೇ ಇಲ್ಲದಿದ್ರೆ ಹೆದರಿ, ಆಗ ಎತ್ತಿ ಬೆನ್ನಿಗೆ ಹೊಡೀಬೇಕು. ನರ್ಸ್ ತೋರಿಸಿಕೊಟ್ಟಿದಾರಲ್ಲ ನಮಗಿಬ್ಬರಿಗೂ."

"ನಿನ್ನ ಕೈ ನಡುಗೋದೂ ಇಲ್ವಲ್ಲೇ," ಎಂದರು ಅತ್ತೆ. ಬೈದದ್ದಲ್ಲ. ನೋಡಿ ಹೇಳಿದ್ದು.

ನಾನೂ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ಮುಂದಿನ ದಿನಗಳಲ್ಲಿ ಕ್ಯಾರೆಟ್ ಇಟ್ಟೆ, ಆಲೂಗೆಡ್ಡೆ ಇಟ್ಟೆ, ಬಾಳೆಹಣ್ಣು ಇಟ್ಟೆ. ಹಾಲು ಕುಡಿದು ಒಂದು ಗಂಟೆಯ ಮೇಲೆ, ಹಸಿದೂ ಇರಬಾರದು, ಹೊಟ್ಟೆ ತುಂಬಿಯೂ ಇರಬಾರದು. ಹಾಲು ಕಡಿಮೆ ಮಾಡುವ ಹಾಗಿಲ್ಲ. ಒಂದು ವರ್ಷದವರೆಗೆ ಹೊಟ್ಟೆ ತುಂಬಿಸುವುದು ಹಾಲೇ, ಹೋಳುಗಳು ಕಲಿಯಲಿಕ್ಕೆ. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಅತ್ತೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಇಪ್ಪತ್ತು ನಿಮಿಷದ ಮೇಲೆ ನಾನು ನೆಲ ಒರೆಸುತ್ತಿದ್ದೆ. ಇಟ್ಟ ಹೋಳುಗಳೆಲ್ಲ ನೆಲದ ಮೇಲೆ ಸಿಗುತ್ತಿದ್ದವು.

ಆಮೇಲೆ ನಾನು ಅಡುಗೆಮನೆಯ ಕಟ್ಟೆಯ ಬಳಿ ನಿಂತು ಏನಾದರೂ ನುಂಗುತ್ತಿದ್ದೆ. ಅತ್ತೆ ಯಾವಾಗ ತಿನ್ನುತ್ತಿದ್ದರೋ ನನಗೆ ತಿಳಿಯದು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಅವರ ತಟ್ಟೆ ಕಾಣುತ್ತಿತ್ತು. ಊಟದ ಮೇಜಿನ ಮೇಲೆ ಅವನ ವೇಳಾಪಟ್ಟಿಯ ಹಾಳೆಗಳಿದ್ದವು. ಅದರ ಮೇಲೆ ಒಗೆದ ಬಟ್ಟೆ, ಬಟ್ಟೆಯ ಮೇಲೆ ಖಾಲಿ ಹಾಲಿನ ಡಬ್ಬಿಗಳು.

ಹನ್ನೊಂದು ಗಂಟೆಯ ಮತ್ತು ಮೂರು ಗಂಟೆಯ ಬಾಟಲಿಯನ್ನು ಕಲಸುವುದನ್ನು ಆ ಮೊದಲ ದಿನದಿಂದಲೇ ಅತ್ತೆಗೆ ಬಿಟ್ಟಿದ್ದೆ, ಅಭ್ಯಾಸವಾಗಲಿ ಎಂದು. ಚಾಕುವಿನಿಂದ ಸವರುವುದನ್ನು ತೋರಿಸಿದಾಗ "ಆಯ್ತು ಬಿಡು, ಇದೇನು ಕಾಲರ್ ಹಚ್ಚೋ ಕೆಲಸಾನಾ?" ಎಂದಿದ್ದರು.

ಎಂಟನೆಯ ದಿನದ ಹೊತ್ತಿಗೆ ಬಟಾಣಿಗೆ ಹೊಟ್ಟೆ ಕಟ್ಟಿತು. ಮುಕ್ಕುತ್ತಿದ್ದಳು, ಅಳುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿದರೆ ಹೋಳನ್ನು ಮುಟ್ಟುತ್ತಲೂ ಇರಲಿಲ್ಲ, ಮುಖ ತಿರುಗಿಸುತ್ತಿದ್ದಳು. ನಾನು ಬಾಳೆಹಣ್ಣನ್ನು ಅನುಮಾನಿಸಿದೆ. ಅತ್ತೆ ನರ್ಸನ್ನು ಅನುಮಾನಿಸಿದರು. ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದೆವು.

ನರ್ಸ್ ಕನ್ನಡಕವನ್ನು ದಾರದಲ್ಲಿ ಕಟ್ಟಿ ಎದೆಯ ಮೇಲೆ ಬಿಟ್ಟುಕೊಂಡಿರುವ ಹೆಂಗಸು. ಎಲ್ಲರನ್ನೂ ಮಹಾರಾಯ್ತಿ ಎನ್ನುತ್ತಾರೆ, ಆರು ತಿಂಗಳವರನ್ನೂ. ಬಟಾಣಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು.

"ಎಷ್ಟು ದಿನ ಆಯ್ತು ಮಹಾರಾಯ್ತಿ ಹೊಟ್ಟೆ ಹೋಗಿ?"

"ಮೂರು ದಿನ," ಎಂದೆ.

"ಪುಡಿ ಗಟ್ಟಿಯಾಗಿ ಕಲಸ್ತಿಲ್ಲ ತಾನೇ?"

"ಇಲ್ಲ ಸಿಸ್ಟರ್. ಮಟ್ಟ ಸವರಿ ಹಾಕೋದು. ಅಳೆಯೋದೇ ನನ್ನ ಕೆಲಸ."

ಅತ್ತೆ ಬಟಾಣಿಯ ಕಾಲ್ಚೀಲವನ್ನು ಸರಿಮಾಡುತ್ತಿದ್ದರು. ಸರಿಯಾಗಿಯೇ ಇತ್ತು ಅದು.

"ಸರಿ. ಊಟದ ಜೊತೆ ಲೋಟದಲ್ಲಿ ಎರಡು ಗುಟುಕು ನೀರು ಕೊಡಿ. ಎರಡು ದಿನ ನೋಡೋಣ, ಆಮೇಲೂ ಹೀಗೇ ಇದ್ರೆ ಡಾಕ್ಟರ್ ನೋಡ್ಲಿ. ಹೋಳು ಹೇಗೆ ತಿನ್ತಿದಾಳೆ?"

"ತಿನ್ತಿಲ್ಲ. ನೀವು ಹೇಳಿದ ಹಾಗೇ ಮಾಡ್ತಿದೀನಿ. ಎದುರಿಗೆ ಕೂತಿರ್ತೀನಿ."

"ಕೂತ್ಕೊಂಡು ಏನು ಮಾಡ್ತೀರಿ?"

"ನೋಡ್ತೀನಿ."

"ಅಜ್ಜಿ?"

"ನಾನೂ ನೋಡ್ತೀನಿ," ಎಂದರು ಅತ್ತೆ.

"ಮತ್ತೆ ತಿನ್ನೋರು ಯಾರು?"

ನರ್ಸ್ ಕನ್ನಡಕ ಏರಿಸಿ ಮೊದಲು ನನ್ನನ್ನು, ಆಮೇಲೆ ಅತ್ತೆಯನ್ನು ನೋಡಿದರು. ನನ್ನ ಮುಂಗೈಯನ್ನು ಎರಡು ಬೆರಳಿನಲ್ಲಿ ಎತ್ತಿ, ಕೋಲು ಎತ್ತಿದ ಹಾಗೆ, ಮತ್ತೆ ಮೇಜಿನ ಮೇಲಿಟ್ಟರು.

"ನಿಮ್ಮ ಮನೇಲಿ ಯಾರಾದ್ರೂ ಅಗಿಯೋದನ್ನ ಈ ಮಗು ಒಂದ್ಸಲನಾದ್ರೂ ನೋಡಿದೆಯಾ?"

ನಾನು ನೆನಪು ಮಾಡಿಕೊಂಡೆ. ನೋಡಿರಲಿಲ್ಲ.

"ಹಾಗಾದ್ರೆ ಅದು ತಿನ್ನೋ ವಸ್ತು ಅಂತ ಅವಳಿಗೆ ಹೇಳೋರು ಯಾರು? ದಡದಲ್ಲಿ ನಿಂತು ಮಗೂನ ನೀರಿಗೆ ಬಿಟ್ಟು ಈಜು ಅಂದ್ರೆ? ಇಬ್ಬರೂ ಅವಳ ಜೊತೆ ಕೂತು ಉಣ್ಣಿ. ಅವಳನ್ನ ನೋಡ್ಬೇಡಿ, ತಟ್ಟೆ ನೋಡ್ಕೊಂಡು ಉಣ್ಣಿ. ಹೋಗಿ ಬನ್ನಿ."

ಮನೆಗೆ ಬಂದು ನಾನು ಮೇಜನ್ನು ನೋಡಿದೆ. ವೇಳಾಪಟ್ಟಿಯ ಹಾಳೆಗಳನ್ನು ಎತ್ತಿ ಎಲ್ಲಿಡುವುದೆಂದು ತೋಚಲಿಲ್ಲ. ನಾಳೆ ನೋಡೋಣ ಎಂದುಕೊಂಡೆ.

ಮರುದಿನ ಬೆಳಗ್ಗೆ ಏಳರ ಬಾಟಲಿಗೆ ಪುಡಿ ತೆಗೆಯುವಾಗ ಚಮಚ ಡಬ್ಬಿಯ ತಳಕ್ಕೆ ತಾಗಿತು. ಒಂದು ಡಬ್ಬಿಯಲ್ಲಿ ಇನ್ನೂರು ಚಮಚ. ಏಳನೆಯ ದಿನ ಮಧ್ಯಾಹ್ನದವರೆಗೆ ಬರುತ್ತದೆ. ದಿನಕ್ಕೆ ಐದು ಬಾಟಲಿಯಾದಾಗಿನಿಂದ ಹಾಗೆಯೇ ಬಂದಿತ್ತು. ಮುಚ್ಚಳದ ಮೇಲಿನ ದಿನಾಂಕ ನೋಡಿದೆ. ಅಂದು ಆರನೆಯ ದಿನ ಬೆಳಗ್ಗೆ.

ಲ್ಯಾಬಿನಲ್ಲಿ ಫಲಿತಾಂಶ ತಪ್ಪಿದರೆ ನಾವು ಮೊದಲು ನೀರನ್ನು ಅನುಮಾನಿಸುವುದಿಲ್ಲ, ಕೈಯನ್ನು ಅನುಮಾನಿಸುತ್ತೇವೆ. ಹೊಸ ಡಬ್ಬಿ ತೆರೆದು, ದಿನಾಂಕ ಬರೆದು, ಹನ್ನೊಂದು ಗಂಟೆಗೆ ಬಟಾಣಿಯನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ನೀರು ಸರಿಯಾಗಿ ಅಳೆದರು. ಚಾಕು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಚಮಚದ ಮೇಲೆ ಪುಡಿ ಗೋಪುರದ ಹಾಗೆ ನಿಂತಿತ್ತು. ಆರು ಚಮಚ ಹಾಕಿದರು. ಸ್ವಲ್ಪ ತಡೆದು ಏಳನೆಯದನ್ನು ತೆಗೆದರು.

"ಇದು ಒಳಗೆ ಬಿಟ್ಟಿದ್ದು," ಎಂದು ಬಾಟಲಿಗೆ ಹೇಳಿದರು.

ನಾನು ಹೋಗಿ ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡು ತೊಟ್ಟಿಗೆ ಸುರಿದೆ. ಕೂಗಲಿಲ್ಲ. ನೀರಿನ ಮಾದರಿ ಕುಡಿಯಲು ಯೋಗ್ಯವಲ್ಲ ಎಂದು ಬರೆದುಕೊಡುವಾಗ ಇರುವ ಹಾಗೆಯೇ ಇದ್ದೆ.

"ಎಷ್ಟು ದಿನದಿಂದ ಅತ್ತೆ?"

"ನೀನು ಆ ಕುಂಬಳಕಾಯಿ ಶುರು ಮಾಡಿದ ದಿನದಿಂದ."

"ಎರಡೂ ಬಾಟಲಿಗಾ?"

"ಹೂಂ. ಎರಡಕ್ಕೂ."

"ಪುಡಿ ಜಾಸ್ತಿಯಾದ್ರೆ ಅವಳ ಮೈಯಲ್ಲಿ ನೀರು ಸಾಲಲ್ಲ. ಹೊಟ್ಟೆ ಕಟ್ಟತ್ತೆ, ಮೂತ್ರಪಿಂಡಕ್ಕೆ ಭಾರ ಆಗತ್ತೆ. ಅದಕ್ಕೇ ಅವಳು ಅಷ್ಟು ಅಳ್ತಿದ್ದಿದ್ದು. ನಿನ್ನೆ ನರ್ಸ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಗಟ್ಟಿಯಾಗಿ ಅಳೆಯೋದೇ ನನ್ನ ಕೆಲಸ ಅಂದೆ. ನಾನು ಬಾಯಿ ಬಿಟ್ರೆ ನಿನ್ನ ಮರ್ಯಾದೆ..." ಅತ್ತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಇಲ್ಲ, ಅದಲ್ಲ. ಹೇಳಿದ್ರೆ ಇವಳನ್ನ ನನ್ನ ಹತ್ರ ಬಿಡಲ್ಲ ಅಂತ."

ಬಟಾಣಿ ನನ್ನ ಕಿವಿಯನ್ನು ಹಿಡಿದು ಎಳೆಯುತ್ತಿದ್ದಳು.

"ಕುರ್ಚೀಲಿ ಕೂರಿಸ್ತೀಯ, ಎಲ್ಲಾ ಕೆಳಗೆ ಬೀಳತ್ತೆ. ಏನೂ ಒಳಗೆ ಹೋಗಲ್ಲ. ನೀನು ನೆಲ ಒರೆಸಿ ಎದ್ದು ಹೋಗ್ತೀಯ. ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ ಕಣೇ. ಅವತ್ತು ಅವನ ಊಟದ ಡಬ್ಬಿ ವಾಪಸ್ ಬಂತಲ್ಲ, ಡಿಪೋದಿಂದ. ಯಾರೋ ಪುಣ್ಯಾತ್ಮರು ತೊಳೆದು, ಒರೆಸಿ, ಥಳಥಳ ಅಂತ ಕೊಟ್ಟಿದ್ರು. ಅವನು ಉಂಡಿದ್ನೋ, ಅವರು ಚೆಲ್ಲಿದ್ರೋ. ಯಾರನ್ನ ಕೇಳ್ಲಿ ನಾನು? ನನ್ನ ಮಗ ಹಸ್ಕೊಂಡು ಹೋದನೋ ಉಂಡು ಹೋದನೋ, ಇವತ್ತಿನವರೆಗೂ ನಂಗೆ ಗೊತ್ತಿಲ್ಲ. ಇವಳದ್ದಾದ್ರೂ ಹೊಟ್ಟೆ ತುಂಬಿದೆ ಅಂತ ಗೊತ್ತಿರ್ಲಿ ಅಂತ."

ಆ ಡಬ್ಬಿಯನ್ನು ತುಂಬಿ ಕೊಟ್ಟವಳು ನಾನು. ಏನು ತುಂಬಿದ್ದೆನೆಂದು ನೆನಪಿದೆ. ಅದು ತೊಳೆದು ಬಂದದ್ದರ ಬಗ್ಗೆ ನಾನು ಯೋಚಿಸಿರಲೇ ಇಲ್ಲ.

"ಆ ಮಕ್ಕಳ ಕೇಂದ್ರಕ್ಕೆ ಫೋನ್ ಮಾಡು. ನಾನೇನೂ ಅಂದ್ಕೊಳಲ್ಲ," ಎಂದು ಅತ್ತೆ ಮುಂದಿನ ಕೋಣೆಗೆ ಹೋದರು.

ನಾನು ಬೇರೆ ಬಾಟಲಿ ಕಲಸಿ ಬಟಾಣಿಗೆ ಕುಡಿಸಿದೆ. ನರ್ಸಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಸಂಜೆ ಒಮ್ಮೆ ಮಗುವನ್ನು ಡಾಕ್ಟರಿಗೆ ತೋರಿಸಿ ಎಂದರು, ಆದರೆ ಹಾಲು ಕುಡಿಯುತ್ತಿದ್ದರೆ, ಬಟ್ಟೆ ಒದ್ದೆ ಮಾಡುತ್ತಿದ್ದರೆ ಹೆದರಬೇಕಿಲ್ಲ ಎಂದರು. ಆಮೇಲೆ ಶಿಶುಪಾಲನಾ ಕೇಂದ್ರಕ್ಕೆ ಫೋನ್ ಮಾಡಿದೆ. ಜಾಗ ಇನ್ನೂ ಇದೆ, ಆದರೆ ಸಂಜೆ ಆರರೊಳಗೆ ಹೇಳಬೇಕು, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದಳು ಅಲ್ಲಿನವಳು. ಹೇಳುತ್ತೇನೆ ಎಂದೆ.

ಫೋನ್ ಇಟ್ಟ ಮೇಲೆ ಮನೆ ಬಹಳ ಸುಮ್ಮನಿದೆ ಅನ್ನಿಸಿತು. ಏನು ಕಡಿಮೆಯಾಗಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಅವನು ಹೋದ ಮೂರನೆಯ ದಿನವೂ ಆ ಯಂತ್ರ ಓಡಿತ್ತು. ಶಾಲೆ ತೆರೆಯುವ ಕಾಲ, ಮಕ್ಕಳು ಕಾಯುತ್ತಿದ್ದರು. ಸದ್ದು ಬರುತ್ತಿದ್ದರೆ ಹೆದರಬೇಡಿ.

ಎದ್ದು ಹೋಗಿ ನೋಡಿದೆ. ಅತ್ತೆ ಯಂತ್ರದ ಮುಂದೆ ಕೂತಿದ್ದರು. ಸೂಜಿಯ ಕೆಳಗೆ ನೀಲಿ ಬಟ್ಟೆ ಇತ್ತು. ಕಾಲು ಪೆಡಲಿನ ಮೇಲಿತ್ತು. ಅಷ್ಟೇ.

ನಾನು ಒಳಗೆ ಬಂದು ಮೇಜಿನ ಮೇಲಿನ ಡಬ್ಬಿಗಳನ್ನು ಕೆಳಗಿಟ್ಟೆ. ಬಟ್ಟೆಯನ್ನು ಮಂಚದ ಮೇಲೆ ಹಾಕಿದೆ. ವೇಳಾಪಟ್ಟಿಯ ಹಾಳೆಗಳಲ್ಲಿ ಅವನ ಕೈಬರಹವಿತ್ತು, ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ. ಅಂಚು ಸೇರಿಸಿ ಕಪಾಟಿನ ಮೇಲಿಟ್ಟೆ. ಮೇಜು ಒರೆಸಿದೆ. ಆಲೂಗೆಡ್ಡೆ, ಕ್ಯಾರೆಟ್, ಹುರುಳಿಕಾಯಿ ಬೇಯಿಸಿದೆ. ಮೊಟ್ಟೆ ಬೇಯಿಸಿ ಉದ್ದಕ್ಕೆ ಸೀಳಿದೆ. ಎರಡು ತಟ್ಟೆ ಇಟ್ಟು, ಬಟಾಣಿಯ ಕುರ್ಚಿಯನ್ನು ಮೇಜಿಗೆ ತಾಗಿಸಿದೆ.

"ಅತ್ತೆ, ಊಟಕ್ಕೆ ಬನ್ನಿ."

"ನಂಗೆ ಹಸಿವಿಲ್ಲ."

"ನಂಗೂ ಇಲ್ಲ. ಬನ್ನಿ."

ಬಂದರು. ಮೇಜಿನ ಮೇಲೆ ಆ ಹಾಳೆಗಳಿಲ್ಲದ್ದನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಕೂತರು. ನಾವು ನರ್ಸ್ ಹೇಳಿದಂತೆ ತಟ್ಟೆ ನೋಡಿಕೊಂಡು ತಿಂದೆವು. ಪರೀಕ್ಷೆ ಬರೆಯುವವರ ಹಾಗೆ, ಪಕ್ಕಕ್ಕೆ ಕಣ್ಣು ಹೊರಳಿಸದೆ.

ನಾಲ್ಕನೆಯ ತುತ್ತಿಗೆ ನಾನು, "ಉಪ್ಪಿಲ್ಲ," ಎಂದೆ. ಮಗುವಿಗೂ ಇದೇ ಎಂದು ನಾನೇ ಹಾಕಿರಲಿಲ್ಲ, ಅದನ್ನು ಮರೆತಿದ್ದೆ.

ಅತ್ತೆ ತಲೆಯೆತ್ತಿದರು. "ಐದು ತಿಂಗಳಾಯ್ತು ನೀನು ಉಪ್ಪಿನ ಸುದ್ದಿ ಎತ್ತಿ. ಒಂದು ದಿನ ನಾನು ಎರಡು ಸಲ ಹಾಕಿಬಿಟ್ಟಿದ್ದೆ. ಬಾಯಿಗಿಟ್ರೆ ಸಮುದ್ರ. ಅದನ್ನೂ ನಿಂತ್ಕೊಂಡು ತಿಂದೆ ನೀನು."

"ಗೊತ್ತಾಗ್ಲಿಲ್ಲ."

"ಅದೇ ಹೇಳಿದ್ದು."

ಅಷ್ಟರಲ್ಲಿ ಬಟಾಣಿ ಸದ್ದಿಲ್ಲದೆ ನಮ್ಮ ಬಾಯಿಗಳನ್ನು ನೋಡುತ್ತಿದ್ದಳು. ಅತ್ತೆ ಅಗಿದಾಗ ಅತ್ತೆಯ ಬಾಯಿ, ನಾನು ಅಗಿದಾಗ ನನ್ನ ಬಾಯಿ. ಅವಳ ಬಾಯಿಯೂ ಖಾಲಿಯೇ ತೆರೆದು ಮುಚ್ಚಿತು. ತನ್ನ ಮುಂದಿದ್ದ ಹೋಳುಗಳನ್ನು ಬಿಟ್ಟು, ಕುರ್ಚಿಯಿಂದ ವಾಲಿ, ನನ್ನ ತಟ್ಟೆಗೆ ಕೈಹಾಕಿ ಒಂದು ಕ್ಯಾರೆಟ್ ಎತ್ತಿದಳು. ಚೀಪಿದಳು. ತುದಿಯನ್ನು ವಸಡಿನಲ್ಲಿ ಕಡಿದಳು.

ಓಕರಿಕೆ ಬಂತು. ಮುಖ ಕೆಂಪಾಯಿತು. ಅತ್ತೆ ಎದ್ದರು. ನಾನು ಅವರ ಮಣಿಕಟ್ಟು ಹಿಡಿದೆ.

"ಸದ್ದಿದೆ ಅತ್ತೆ."

"ಸದ್ದಿದೆ," ಎಂದರು ಅತ್ತೆ. ನಾನು ಹಿಡಿದ ಕೈ ನಡುಗುತ್ತಿತ್ತು. ಅವರದೋ ನನ್ನದೋ ಎಂದು ನಾನು ನೋಡಲಿಲ್ಲ.

ಬಟಾಣಿ ಕೆಮ್ಮಿ ತುಂಡನ್ನು ಗಲ್ಲಕ್ಕೆ ತಳ್ಳಿದಳು. ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು, ತಪ್ಪು ನಮ್ಮದೇ ಎಂಬಂತೆ. ಗಲ್ಲದ ಮೇಲಿನ ತುಂಡನ್ನು ಅಂಗೈಯಿಂದ ಮತ್ತೆ ಬಾಯಿಗೆ ಒತ್ತಿಕೊಂಡು, ಅರೆದು, ನುಂಗಿದಳು.

"ಎಲಾ ಇವಳ!" ಅತ್ತೆ ಕೂತರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವಳಿಗೆ ಕೈ, ಬಾಯಿ, ಕಿವಿ, ಎಲ್ಲಾ ಕೆಸರೇ."

ಮೂರು ಗಂಟೆಗೆ ನಾನು ಅಡುಗೆಮನೆಗೆ ಹೋದಾಗ ಅತ್ತೆ ಆಗಲೇ ಅಲ್ಲಿದ್ದರು. ಕೈಯಲ್ಲಿ ಅವರ ಆರಿಂಚಿನ ಸ್ಟೀಲ್ ಪಟ್ಟಿ, ಕಾಲರ್ ಗುರುತು ಹಾಕುವುದು. ಕುದಿಯುವ ನೀರಿನಲ್ಲಿ ಅದ್ದಿ ಒರೆಸಿದ್ದರು.

"ನಿನ್ನ ಚಾಕು ನಂಗೆ ಆಗ್ಬರಲ್ಲ. ಇದು ನನ್ನ ಕೈ ಮಾತು ಕೇಳತ್ತೆ."

ಒಂದು ಚಮಚ ತೆಗೆದರು, ಪಟ್ಟಿಯಿಂದ ಸವರಿದರು. ಪುಡಿ ಕತ್ತರಿಸಿದ ಹಾಗೆ ಮಟ್ಟವಾಯಿತು. ನನ್ನ ಚಾಕುವಿಗಿಂತ ಚೆನ್ನಾಗಿತ್ತು. ಎಣಿಸುತ್ತಾ ಆರು ಹಾಕಿದರು. ಮುಚ್ಚಳ ಮುಚ್ಚಿದರು.

"ಬಟ್ಟೆಗೆ ಒಂದು ಬೆರಳು, ಪುಡಿಗೆ ಇಲ್ಲ. ಸರೀನಾ?"

"ಸರಿ. ಕುರ್ಚಿ ಮುಂದೆ ಬೇಕಾದ್ರೆ ಒಂದು ಹೋಳು ಜಾಸ್ತಿ ಇಡಿ."

"ತಿನ್ನಕ್ಕಾ?"

"ಬೀಳ್ಸಕ್ಕೆ."

ಐದೂವರೆಗೆ ನಾನು ಕೇಂದ್ರಕ್ಕೆ ಫೋನ್ ಮಾಡಿ ಜಾಗ ಬೇಡ ಎಂದೆ. ಪಕ್ಕದ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ನಾನು ಮಾತಾಡುವಾಗ ನಿಂತಿತು. ಮಾತು ಮುಗಿದ ಮೇಲೆ ಮತ್ತೆ ಓಡಿತು.

ಡಾಕ್ಟರು ನೋಡಿ ಅಪಾಯವಿಲ್ಲ ಎಂದರು. ಎರಡು ದಿನಕ್ಕೆ ಬಟಾಣಿಯ ಹೊಟ್ಟೆ ಸರಿಹೋಯಿತು. ಹೊಸ ಡಬ್ಬಿ ಏಳನೆಯ ದಿನ ಮಧ್ಯಾಹ್ನ ಮುಗಿಯಿತು. ಮುಗಿದ ದಿನವನ್ನು ನಾನು ಅದರ ಮುಚ್ಚಳದ ಮೇಲೆ ಬರೆದೆ, ಆದರೆ ಮುಂದಿನ ಡಬ್ಬಿಯ ಮೇಲೆ ದಿನಾಂಕ ಬರೆಯುವುದು ಮರೆತುಹೋಯಿತು.

ರಜೆ ಮುಗಿದ ಬೆಳಗ್ಗೆ ಅತ್ತೆ ಅವನ ಊಟದ ಡಬ್ಬಿಯನ್ನು ತುಂಬಿ ಮೇಜಿನ ಮೇಲಿಟ್ಟಿದ್ದರು.

"ಇದು ಬೇಡ ಅಂದ್ರೆ ಬೇರೆ ಇದೆ."

"ಇದೇ ಇರ್ಲಿ."

"ಹೋಗು ಮತ್ತೆ. ಬಾಗಿಲಲ್ಲಿ ನಿಂತು ಟಾಟಾ ಮಾಡ್ಬೇಡ, ಅವಳು ಅಳ್ತಾಳೆ. ಸುಮ್ನೆ ಹೋಗು."

ಬಟಾಣಿ ಅಳಲಿಲ್ಲ. ಅವಳ ಬಾಯಲ್ಲಿ ಬ್ರೆಡ್ಡಿನ ತುಂಡಿತ್ತು.

ಲ್ಯಾಬಿನಲ್ಲಿ ನನ್ನ ಮೇಜು ಹಾಗೆಯೇ ಇತ್ತು. ಬೆಳಗಿನ ನೀರಿನ ಮಾದರಿಗಳು ಬಂದಿದ್ದವು. ಕಣ್ಣನ್ನು ಮಟ್ಟಕ್ಕೆ ತಂದು ಓದಿದೆ, ಬರೆದೆ. ಎರಡು ಸಲ ಮನೆಗೆ ಫೋನ್ ಮಾಡಬೇಕೆನ್ನಿಸಿತು, ಮಾಡಲಿಲ್ಲ. ಒಂದು ಗಂಟೆಗೆ ಎಲ್ಲರ ಜೊತೆ ಕೂತು ಡಬ್ಬಿ ತೆರೆದೆ. ಉಪ್ಪು ಸರಿಯಾಗಿತ್ತು. ನನ್ನ ಪಕ್ಕದ ಮೇಜಿನವಳು ತನ್ನ ಡಬ್ಬಿ ತೊಳೆಯಲು ಎದ್ದು, ಕೈಚಾಚಿ, "ಕೊಡಿ ಮೇಡಂ, ನಿಮ್ಮದೂ ತೊಳ್ಕೊಂಡು ಬರ್ತೀನಿ," ಎಂದಳು.

"ಬೇಡ," ಎಂದೆ. ಬಹಳ ಬಿರುಸಾಗಿ ಹೇಳಿದೆನೇನೋ, ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಮನೇಲಿ ತೊಳೀತೀನಿ," ಎಂದು ಸೇರಿಸಿ ಮುಚ್ಚಳ ಹಾಕಿದೆ.

ಸಂಜೆ ಬಾಗಿಲು ತೆಗೆದಾಗ ಬಟಾಣಿ ಯಂತ್ರದ ಪಕ್ಕ ಚಾಪೆಯ ಮೇಲೆ ದಾರ ಸುತ್ತುವ ಒಂದು ಮರದ ರೀಲನ್ನು ಚೀಪುತ್ತಾ ಕೂತಿದ್ದಳು, ದಾರವಿಲ್ಲದ್ದು. ಊಟದ ಮೇಜಿನ ಬಳಿ, ಅವಳ ಕುರ್ಚಿಯ ಕೆಳಗೆ, ಎಲ್ಲವೂ ಹಾಗೆಯೇ ಬಿದ್ದಿತ್ತು. ಆಲೂಗೆಡ್ಡೆ, ಮೊಟ್ಟೆಯ ಚೂರು, ತುದಿ ಕಡಿದ ಎರಡು ಹುರುಳಿಕಾಯಿ.

"ನೀನು ನೋಡ್ಲಿ ಅಂತ ಗುಡಿಸಿಲ್ಲ," ಎಂದರು ಅತ್ತೆ. "ಆರು ಇಟ್ಟಿದ್ದೆ. ಕೆಳಗಿರೋದು ಎಣಿಸ್ಕೊ, ಉಳಿದಿದ್ದು ಒಳಗಿದೆ."

ನಾನು ಎಣಿಸಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟೆ. ತೂಕ ನೋಡಿದರು, ಅಲ್ಲಾಡಿಸಿದರು. ಮುಚ್ಚಳ ತೆಗೆದರು. ಅಂಚಿಗೆ ಅನ್ನ ಒಣಗಿ ಅಂಟಿತ್ತು. ತಳದಲ್ಲಿ ಎಣ್ಣೆಯ ಜಿಡ್ಡು, ನನ್ನ ಬೆರಳು ಎಳೆದ ಗೆರೆಗಳು.

ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕ್ಯಾರೆಟ್ ಬಿಟ್ಟಿದೀಯ," ಎಂದರು.